ಕೊಂಬಿನ ಸುತ್ತಿಗೆ

ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದದ್ದು ಎರಡು ಸಾವಿರದ ಎರಡರಲ್ಲಿ, ಕಾವೇರಿ ಗಲಾಟೆಗೆ ಮೈಸೂರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಏಳುವಾಗ ಕಾಲು ಸರಿದು, ಎದೆ ಹೋಗಿ ಹಂಡೆ ಒಲೆಯ ಕಟ್ಟೆಗೆ ಬಡಿಯಿತು. ಪಕ್ಕೆಲುಬು ನೊಂದಿತು, ಮುರಿಯಲಿಲ್ಲ. ಎದೆಯ ಮೇಲಿದ್ದ ಬೆಳ್ಳಿ ಕರಡಿಗೆ ಮಾತ್ರ ಕಟ್ಟೆಯ ಅಂಚಿಗೆ ಸಿಕ್ಕಿ ಒಂದು ಮಗ್ಗುಲು ಜಜ್ಜಿಹೋಯಿತು.

ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ದಿನಾ ಅದರ ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಅವರು ನೀರು ಮುಟ್ಟುತ್ತಿದ್ದದ್ದು. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗ ಗುರುಗಳು ಕೊಟ್ಟ ಲಿಂಗ. ಆಗ ಅವರಿಗೆ ಎಪ್ಪತ್ತೆರಡು. ಒಂದು ದಿನವೂ ತಪ್ಪಿಸಿದವರಲ್ಲ. ಟೈಫಾಯ್ಡ್ ಬಂದು ಮಲಗಿದ್ದಾಗಲೂ ನಾನು ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದೆ.

"ಮುಚ್ಚಳ ಬರ್ತಿಲ್ಲ ಕಣೇ ಮಂಗಳಾ" ಅಂದರು.

ಉಗುರು ಹಾಕಿದರು, ಎಳೆದರು, ತಿರುವಿದರು. ಜಜ್ಜಿದ ಅಂಚು ಒಳಕ್ಕೆ ಮಡಿಚಿಕೊಂಡು ಕಚ್ಚಿಬಿಟ್ಟಿತ್ತು. ಭಾನುವಾರ ಅಕ್ಕಸಾಲಿಗರ ಅಂಗಡಿ ಇಲ್ಲ. ಸೋಮವಾರ ಬಂದ್. ಕುಂಬಾರಕೊಪ್ಪಲಿನಿಂದ ಪೇಟೆಗೆ ಹೋಗಲು ಒಂದು ಆಟೋ ಇಲ್ಲ, ಹೋದರೂ ತೆರೆದ ಬಾಗಿಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ. ಭಾನುವಾರ ಸಂಜೆಗೇ ತುಟಿ ಒಣಗಿತ್ತು.

"ಒಂದು ಗುಟುಕು ನೀರು ಕುಡೀರಿ. ಶಿವ ಏನೂ ಅಂದ್ಕೊಳ್ಳಲ್ಲ."

"ಶಿವ ಅಂದ್ಕೊಳ್ಳಲ್ಲ, ಗೊತ್ತು. ನಾನು ಅಂದ್ಕೋತೀನಲ್ಲ."

"ಮಾತ್ರೆಯಾದರೂ ನುಂಗಬೇಕಲ್ಲ?"

"ನಿನ್ನ ಉಪ್ಪಿಲ್ಲದ ಸಾರು ತಪ್ಪಿತು ಅಂತ ಖುಷಿಯಾಗಿದೀನಿ, ಸುಮ್ನಿರೇ" ಎಂದು ನಕ್ಕರು. ನಕ್ಕರೆ ಪಕ್ಕೆ ನೋಯುತ್ತಿತ್ತು.

ಸೋಮವಾರ ಮಧ್ಯಾಹ್ನಕ್ಕೆ ಆ ನಗುವೂ ಇರಲಿಲ್ಲ. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಬೀದಿಯ ಮಂಟಯ್ಯನ ಮನೆಗೆ ಹೋದೆ.

ಮಂಟಯ್ಯ ತಗಡಿನ ಟ್ರಂಕು ಮಾಡುವವನು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಬೆಳ್ಳಿ ತಗಡಿನ ಕಾರ್ಖಾನೆಯಲ್ಲಿದ್ದ. ದೇವಸ್ಥಾನಗಳ ಬಾಗಿಲಿಗೆ, ಪಲ್ಲಕ್ಕಿಗೆ ಹೊದಿಸುವ ತಗಡನ್ನು ಬಡಿಯುತ್ತಿದ್ದವನು. ವಿಷಯ ಕೇಳಿ, ಒಂದು ಹಳೆಯ ಪಂಚೆ ತುಂಡಿನಲ್ಲಿ ಮೂರು ಸುತ್ತಿಗೆ ಸುತ್ತಿಕೊಂಡು ನನ್ನ ಹಿಂದೆಯೇ ಬಂದ. ಬಂದವನು ಜಗಲಿಯ ಮೇಲೆ ಕೂತ.

"ಒಳಗೆ ಬಾಪ್ಪ."

"ಬ್ಯಾಡಿ ಅವ್ವಾ. ಸಾಮ್ಯೋರ ಲಿಂಗ ಅದು, ನಾನು ಮುಟ್ಟಕಾಯ್ತದಾ? ನೀವು ಬಡೀರಿ, ಎಂಗೆ ಅಂತ ನಾನು ಇಲ್ಲಿಂದ್ಲೇ ಏಳ್ಕೊಡ್ತೀನಿ."

ನಾನೂ ಎರಡನೇ ಸಲ ಕರೆಯಲಿಲ್ಲ.

ಒಳಗೆ ಹೋಗಿ ಯಜಮಾನರ ಮುಂದೆ ಸೆರಗೊಡ್ಡಿದೆ. ಅವರು ಶಿವದಾರವನ್ನು ತಲೆಯ ಮೇಲಿಂದ ತೆಗೆದು ಕರಡಿಗೆಯನ್ನು ಸೆರಗಿಗೆ ಇಳಿಸಿದರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅದು ಅವರ ಮೈ ಬಿಟ್ಟು ನನ್ನ ಹತ್ತಿರ ಬಂದದ್ದು ಅದೊಂದೇ ಸಲ. "ಹುಷಾರು ಕಣೇ" ಅಂದರು. ಗಂಟಲಿಂದ ಗಾಳಿ ಮಾತ್ರ ಬಂತು.

ತಲೆಬಾಗಿಲ ಒಳಗೆ ಮಣೆ ಹಾಕಿ, ಅದರ ಮೇಲೆ ಮಡಿ ವಸ್ತ್ರ ಹಾಸಿ ಕೂತೆ. ಹೊಸ್ತಿಲಿನ ಆಚೆ ಮಂಟಯ್ಯ ಗಂಟು ಬಿಚ್ಚಿದ.

"ಇದು ಉಣಸೆ ಮರದ ಕೊಡತಿ. ಇದರ ಮೂತಿ ಅಗಲ, ಏಟು ಮ್ಯಾಲೇ ನಿಂತೋಯ್ತದೆ. ಮೊದ್ಲು ಸುತ್ತಾ ತಟ್ಟಿ ಸಡ್ಲ ಮಾಡಕೆ. ಈ ಕಬ್ಬಿಣದ್ದು ಈಗ ಮುಟ್ಟಂಗೇ ಇಲ್ಲ. ಲಿಂಗ ಈಚೆ ಬಂದ್ಮ್ಯಾಕೆ, ಬರೀ ಕರಡಿಗೇನ ನೆಟ್ಟಗೆ ಮಾಡಕೆ ತಂದಿವ್ನಿ. ಕಬ್ಬಿಣದ ಏಟು ಬೆಳ್ಳೀಲಿ ನಿಲ್ಲಕಿಲ್ಲ ಅವ್ವಾ, ಒಳಗಿರೋದ್ಕೆ ಓಯ್ತದೆ. ನಿಮ್ಗೆ ಬೇಕಾಗಿರೋದು ಇದು." ಕೊನೆಯದನ್ನೂ ಉಳಿದೆರಡರ ಪಕ್ಕ ಹೊಸ್ತಿಲ ಮೇಲಿಟ್ಟ. ಕಪ್ಪಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮೂತಿ ಹೆಬ್ಬೆರಳಿಗಿಂತ ಸಣ್ಣದು. "ಅಂಚಿನ ಸಂದೀಲಿ ಸರಿಯಾಗಿ ಕೂರ್ತದೆ. ಏಟು ಎಲ್ಲಿ ಬೀಳ್ತದೋ ಅಲ್ಲೇ ಇರ್ತದೆ, ಮುಂದಕ್ಕೆ ಓಗಕಿಲ್ಲ."

"ಇದು ಯಾವ ಮರ?"

"ಮರ ಅಲ್ಲ ಅವ್ವಾ. ಕೋಣನ ಕೊಂಬು."

ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಮಂಟಯ್ಯ ಅದನ್ನು ನೋಡಿದ. "ದೇವ್ರ ಬಾಗ್ಲಿಗೆಲ್ಲ ಇದ್ರಲ್ಲೇ ಬಡ್ದಿರಾದು" ಎಂದ, ಮೆಲ್ಲಗೆ.

"ಅದು ಬಾಗಿಲು, ಮಂಟಯ್ಯ. ಇದು ಲಿಂಗ. ಸತ್ತ ಕೋಣದ್ದು ತಂದು ಅದರ ಮೇಲೆ ಬಡಿಯೋದಾ? ಮರದ್ದೇ ಸಾಕು ಬಿಡು."

ಅವನು ಆ ಸುತ್ತಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಕೊಡತಿಯಿಂದ ತಟ್ಟಿದೆ. ಕರಡಿಗೆಯನ್ನು ತಿರುಗಿಸುತ್ತ, ಸುತ್ತಲೂ, ಅವನು ಹೇಳಿದ ಹಾಗೆ. ತಾಳ್ಮೆ ನನಗೆ ಹೊಸದಲ್ಲ. ಸೊಸೈಟಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮನೆ ನಡೆಸಿದವಳು ನಾನು. ಅರ್ಧ ಗಂಟೆಯಾಗಿರಬೇಕು. ಮುಚ್ಚಳ ಕೂದಲೆಳೆಯಷ್ಟು ಎದ್ದಿತು, ಅಲ್ಲಿಗೇ ನಿಂತಿತು. ಜಜ್ಜಿದ ಅಂಚಿನ ಸಂದಿಗೆ ಕೊಡತಿಯ ಅಗಲ ಮೂತಿ ಹೋಗುತ್ತಲೇ ಇರಲಿಲ್ಲ.

"ಮರ ಇನ್ನು ಮಾಡಕಿಲ್ಲ ಅವ್ವಾ. ಸೀರೆ ಒಗ್ದಂಗೆ ಆಯ್ತದೆ ಅಷ್ಟೆಯಾ" ಎಂದ ಮಂಟಯ್ಯ. "ನಾಳೀಕೆ ಬಂದ್ ಬುಡ್ತದೆ, ಅಕ್ಕಸಾಲಿಯೋರು ಬತ್ತಾರೆ. ಇಲ್ಲಾಂದ್ರೆ..." ಅವನ ಕೈ ಮಡಿಲಲ್ಲಿದ್ದ ಕೊಂಬಿನ ಮೇಲಿತ್ತು.

ನಡುಮನೆಯಿಂದ ಯಜಮಾನರು ನರಳಿದರು. ನೀರು ಅಂದ ಹಾಗೆ ಕೇಳಿಸಿತು. ಎಚ್ಚರವಿದ್ದಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಎಚ್ಚರ ತಪ್ಪುತ್ತಿತ್ತು. ಹೊಸ್ತಿಲ ಮೇಲೆ ಕಬ್ಬಿಣದ ಸುತ್ತಿಗೆ ಇತ್ತು. ಅದರ ಮೂತಿಯೂ ಸಣ್ಣದೇ. ಒಂದೇ ಏಟು, ಮೆಲ್ಲಗೆ, ಅಂದುಕೊಂಡೆ.

"ಅವ್ವಾ, ಅದಲ್ಲ..."

ಅವನು ಅನ್ನುವಷ್ಟರಲ್ಲಿ ಬಡಿದಿದ್ದೆ. ಮುಚ್ಚಳ ಹಾರಿ ಮಣೆಯ ಕೆಳಗೆ ಬಿತ್ತು. ಅದರ ಜೊತೆಗೇ ಇನ್ನೊಂದು ಸಣ್ಣ ಸದ್ದು ಕೇಳಿತು, ಹುರಿಗಡಲೆ ಕಡಿದ ಹಾಗೆ.

ಲಿಂಗದ ಕಪ್ಪು ಮೈಯ ಮೇಲೆ ಅಡ್ಡಕ್ಕೆ ಒಂದು ಬಿರುಕು. ಒಂದು ಕಡೆ ಎಳ್ಳಿನಷ್ಟು ಚಕ್ಕೆ ಎದ್ದು ಒಳಗಿನ ಬಿಳುಪು ಕಾಣುತ್ತಿತ್ತು.

ನಾನು ತಲೆ ಎತ್ತಿದಾಗ ಮಂಟಯ್ಯ ಬೀದಿಯ ಕಡೆ ತಿರುಗಿ ಕೂತಿದ್ದ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ, ಚಳಿಯಾದವನ ಹಾಗೆ.

ಕರಡಿಗೆಯನ್ನು ಒಯ್ದು ಯಜಮಾನರ ಮುಂದೆ ಹಿಡಿದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರಿಗೆ ಬಿರುಕು ಕಾಣಲಿಲ್ಲ. ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ವಿಭೂತಿ ಹಚ್ಚಲು ಬಲಗೈ ಬೆರಳು ಇಟ್ಟರು. ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು.

"ಮಂಗಳಾ, ಯಾವುದರಲ್ಲಿ ಬಡಿದೆ?"

"ಮಂಟಯ್ಯ ತಂದುಕೊಟ್ಟದ್ದರಲ್ಲೇ."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಅವರು ಲಿಂಗವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಣೆಗೆ ಒತ್ತಿಕೊಂಡರು. ಆಮೇಲೆ, "ಅವನಿಗೆ ಹೇಳ್ಬೇಡ. ಪಾಪ, ನೊಂದ್ಕೋತಾನೆ" ಎಂದರು. ಪೂಜೆ ಮಾಡಿದರು. ನೀರು ಕುಡಿದರು.

ಲಿಂಗ ಭಿನ್ನವಾದರೆ ಹಾಗೇ ಧರಿಸುವಂತಿಲ್ಲ. ಗುರುವಿನ ಮುಂದೆ ಹೇಳಿಕೊಂಡು ಬೇರೆಯದು ಪಡೆಯಬೇಕು. ಯಜಮಾನರು ಆಮೇಲೆ ಎದ್ದು ಓಡಾಡಲೇ ಇಲ್ಲ. ಎದೆಯಲ್ಲಿ ಕಫ ಕಟ್ಟಿತು. ಒಂಬತ್ತನೇ ದಿನ ನಮ್ಮ ಮಠದ ಸ್ವಾಮಿಗಳೇ ಮನೆಗೆ ಬಂದರು. ಅವರು ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವರು.

"ಯಾವಾಗ ಆಯ್ತು ಇದು, ಪ್ರಭುಸ್ವಾಮಿಗಳೇ?" ಎಂದು ಯಜಮಾನರನ್ನು ಕೇಳಿದರು.

"ಹಳೇದು, ಬುದ್ಧಿ. ನನ್ನ ಕೈಯಿಂದಲೇ ಜಾರಿತ್ತು. ಹೇಳಿಕೊಳ್ಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ."

"ಭಿನ್ನ ಲಿಂಗಕ್ಕೆ ಪೂಜೆ ಮಾಡ್ಕೊಂಡು ಇಷ್ಟು ದಿನ ಊಟ ಮಾಡಿದ್ರಾ? ನಿಮ್ಮಂಥವರು? ನಾವು ಹುಡುಗರಿಗೆಲ್ಲ ನಿಮ್ಮನ್ನೇ ತೋರಿಸ್ತಿದ್ವಲ್ಲ!"

ಯಜಮಾನರು ತಲೆ ತಗ್ಗಿಸಿದರು. ಎಂಟು ವರ್ಷದ ಮಗುವಿನ ಹಾಗೆ. ಬಾಗಿಲ ಹತ್ತಿರ ನಾನು ಪಾದೋದಕದ ಬಟ್ಟಲು ಹಿಡಿದು ನಿಂತಿದ್ದೆ. ನಾನು, ನನ್ನ ಕೈಯಿಂದ, ಎಂದು ಎರಡು ಮಾತು ಅಂದಿದ್ದರೆ ಸಾಕಿತ್ತು. ಸ್ವಾಮಿಗಳು ಹೋದ ಮೇಲೆ ಯಜಮಾನರಿಗೆ ಒಬ್ಬರಿಗೇ ಹೇಳೋಣ ಅಂದುಕೊಂಡೆ. ಹೋದ ಮೇಲೆ, ಇವತ್ತು ದಣಿದಿದ್ದಾರೆ ನಾಳೆ ಹೇಳೋಣ ಅಂದುಕೊಂಡೆ.

ಹೊಸ ಲಿಂಗ ಕೊಟ್ಟು ಹೋದರು. ಅದು ನುಣುಪಾಗಿತ್ತು, ತುಸು ದಪ್ಪ. ಮಲಗಿದಲ್ಲೇ ಅವರು ಅದನ್ನು ಅಂಗೈಯಲ್ಲಿ ಅತ್ತ ಇತ್ತ ಹೊರಳಿಸುತ್ತಿದ್ದರು. "ಕೈಗೆ ಕೂರ್ತಿಲ್ಲ ಕಣೇ" ಅಂದರು ಒಮ್ಮೆ. ಹನ್ನೆರಡನೇ ದಿನ ಬೆಳಗಿನ ಜಾವ ಹೋದರು. ನಾನು ಹೇಳಿರಲಿಲ್ಲ.

ಸಮಾಧಿಯ ಗುಂಡಿಯಲ್ಲಿ ಅವರನ್ನು ಕೂರಿಸಿ, ಹೊಸ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮುಚ್ಚಿದರು. ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ, ದೂರದ ಹೊಂಗೆ ಮರದ ಕೆಳಗೆ ನಿಂತಿದ್ದ ಮಂಟಯ್ಯ ಬಂದು ಒಂದು ಹಿಡಿ ಮಣ್ಣು ಹಾಕಿದ.

ನಾನು ಅವನ ಹತ್ತಿರ ಹೋದೆ. "ಮಂಟಯ್ಯ, ಅವರು ನಿನ್ನ ತಪ್ಪು ಅಂದುಕೊಂಡೇ ಹೋದರಪ್ಪ. ನಾನು ಹಾಗೆ ಅನ್ನಿಸಿಬಿಟ್ಟೆ."

"ಗೊತ್ತು ಅವ್ವಾ."

"ಗೊತ್ತಾ?"

"ಮಾರ್ನೇ ದಿನ್ವೇ ಬೀದೀಲಿ ನನ್ನ ದನಿ ಕೇಳಿ, ನಾನೂ ನೊಂದಿವ್ನಿ ಅಂತ ತಿಳ್ಕಂಡು, ಮಲಗಿದ್ದಲ್ಲಿಂದ್ಲೇ ಕಿಟಕೀಲಿ ಕರುದ್ರು. ಮಂಟಯ್ಯ, ಮನಸ್ಸಿಗೆ ಅಚ್ಕೋಬ್ಯಾಡ, ನೀನು ಒಳ್ಳೇದ್ಕೇ ತಂದ್ಕೊಟ್ಟೆ ಅಂದ್ರು. ನಾನು ಊಂ ಅಂದೆ."

"ಊಂ ಅಂದೆಯಾ? ಹೇಳಬಾರದಾಗಿತ್ತಾ, ಕಬ್ಬಿಣ ಮುಟ್ಟಬೇಡ ಅಂತ ನೀನು ಹೇಳಿದ್ದೆ ಅಂತ?"

ಅವನು ಅಂಗೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಅದ್ನ ಏಳುದ್ರೆ ಕೊಂಬಿನ ಮಾತೂ ಏಳ್ಬೇಕಿತ್ತಲ್ಲವ್ವಾ. ಮಲಗಿರೋ ಮನುಷ್ಯನ ಮುಂದೆ ಅದೆಲ್ಲ ಯಾಕೆ?"

ಒಂದು ಆಸರೆ ಹುಡುಕಿದ ಹಾಗೆ ಅಂದೆ: "ಅವರಾಗಿದ್ದರೂ ಬೇಡ ಅಂತಲೇ ಅಂತಿದ್ದರೋ ಏನೋ. ಮಡಿವಂತರು."

ಮಂಟಯ್ಯ ಹಸಿ ಮಣ್ಣಿನ ಗುಡ್ಡೆಯನ್ನೇ ನೋಡುತ್ತಿದ್ದ.

"ಅಂತಿದ್ರೋ ಇಲ್ವೋ, ಕೇಳ್ಬೇಕಾಗಿತ್ತು ಅವ್ವಾ" ಎಂದ. "ಒಳಗೇ ಇದ್ರಲ್ಲ."