ಮದ್ದುಸೊಪ್ಪಿನ ಪಾಯಸವೂ ಅರ್ಧ ಸಹಿಯೂ

ಎಂ.ಕಾಂ. ಎರಡನೇ ವರ್ಷಕ್ಕೆ ಮದರಾಸಿಗೆ ಹೊರಡಬೇಕಾಗಿದ್ದ ನಾನು, ಆ ಜೂನ್ ತಿಂಗಳಲ್ಲಿ ಟೈಫಾಯಿಡ್ ಹಿಡಿದು ಮೂರ್ನಾಡಿನ ಹತ್ತಿರದ ನಮ್ಮ ಮನೆಯಲ್ಲೇ ಉಳಿದೆ. ಜ್ವರ ಬಿಟ್ಟಿತು, ಅರ್ಧ ತಲೆಗೂದಲೂ ಬಿಟ್ಟುಹೋಯಿತು. ಆಗಸ್ಟ್ ಮುಗಿಯುವವರೆಗೆ ಹಾಸ್ಟೆಲ್ ಊಟ ಮುಟ್ಟಬಾರದು ಎಂದರು ಡಾಕ್ಟರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿತು ಕಾಲೇಜು. ಅಪ್ಪ ಸಾಂತಪ್ಪ ಇಬ್ಬರಿಗಿಂತಲೂ ಚಿಕ್ಕದಾಗಿ ಹೇಳಿ ಮುಗಿಸಿದ.

"ಇಡೀ ಕೊಡಗು ರಾಜ್ಯನೇ ಇಬ್ಬರು ಮಂತ್ರಿಗಳಲ್ಲಿ ನಡೀತುಟ್ಟು. ನಿಂಗೆ ಇಷ್ಟು ಓದು ಎಂತಕ್ಕೆ? ಈ ವರ್ಷ ಮುಗ್ಸಿರೆ ಮುಗ್ಸು. ಇನ್ನೊಂದು ವರ್ಷ ಅಂದ್ರೆ ಇಲ್ಲೆ."

ನಾನು ಪ್ರೊಫೆಸರಿಗೆ ಕಾಗದ ಬರೆದೆ. ಅವರು ಮೈಸೂರು ಕಡೆಯವರು. ಅವರು ನಕ್ಕದ್ದನ್ನು ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ಮನೆಯಲ್ಲೇ ಕ್ರಮವಾಗಿ ಓದು, ಓದಿಗೆ, ಮನೆಗೆಲಸಕ್ಕೆ, ವಿಶ್ರಾಂತಿಗೆ ದಿನಕ್ಕೆ ಎಷ್ಟೆಷ್ಟು ಹೊತ್ತು ಕೊಟ್ಟೆಯೆಂದು ದಿನಚರಿ ಬರೆದಿಡು ಎಂದು ಉತ್ತರ ಬಂತು. ಆಗಸ್ಟ್ ಮೊದಲ ವಾರ ಸಹಕಾರ ಸಂಘಗಳ ಸಭೆಗೆ ಮಡಿಕೇರಿಗೆ ಬರುತ್ತಾರಂತೆ. ದಿನಚರಿ ನೋಡಿ ಸರಿಯೆನಿಸಿದರೆ ಹಾಜರಿ ಮನ್ನಾ ಮಾಡುವ ಫಾರಂಗೆ ಸಹಿ ಹಾಕುತ್ತಾರಂತೆ.

ನಾನು ಅಂದೇ ಒಂದು ಟೈಮ್‌ಟೇಬಲ್ ಬರೆದು, ಗಂಜಿ ಹಚ್ಚಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಅವ್ವ ಪೂವಮ್ಮ ಅದನ್ನು ಬಹಳ ಗೌರವದಿಂದ ನೋಡಿದಳು. ಆಮೇಲೆ, "ಓದಿಕೋ ಮಗಳೇ. ಅದಕ್ಕೆ ಮೊದ್ಲು ಹಾಲೊಂದು ಕರೆದು ಬಾ," ಎಂದಳು.

ನಾಟಿಯ ಕಾಲ. ಗದ್ದೆಯಲ್ಲಿ ಹನ್ನೆರಡು ಜನ ಹೆಂಗಸರು, ಅವರಿಗೆ ಎರಡು ಹೊತ್ತು ಕಾಫಿ, ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಊಟ. ಅವ್ವನ ಮಣಿಕಟ್ಟು ನೋಯುತ್ತಿತ್ತು, ಆದ್ದರಿಂದ ಎರಡು ಹಸುಗಳೂ ನನ್ನ ಪಾಲಿಗೆ ಬಂದವು. ಜಿಗಣೆ ಕೀಳುತ್ತ ಕಂಪನಿ ಕಾನೂನು, ಒಲೆ ಊದುತ್ತ ಅಂಕಿಅಂಶ ಶಾಸ್ತ್ರ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನಾನು ಆ ಎರಡರ ನಡುವಿನ ನೊಗವಾಗಿದ್ದೆ. ಆದರೂ ನಿಜ ಹೇಳಬೇಕೆಂದರೆ, ಸಾಯುತ್ತೇನೆ ಎಂದುಕೊಂಡಿದ್ದವಳಿಗೆ ಬದುಕಿ ಓಡಾಡುವುದೇ ಒಂದು ಅಮಲು. ಮಳೆಯಲ್ಲಿ ನೆನೆದರೂ ನಗು, ರೊಟ್ಟಿ ಸೀದರೂ ನಗು.

ದಿನಚರಿ ಮಾತ್ರ ಬರೆಯಲಾಗಲಿಲ್ಲ. ಪ್ರೊಫೆಸರು ಬರುವ ಎರಡು ದಿನ ಮೊದಲು ಕೂತು ಐದು ವಾರದ್ದನ್ನು ಒಂದೇ ಉಸಿರಿನಲ್ಲಿ ಹೊಸೆದೆ. ಆರರಿಂದ ಎಂಟು, ಒಂಬತ್ತರಿಂದ ಹನ್ನೆರಡು, ಎರಡರಿಂದ ಐದು. ಓದು, ಓದು, ಓದು. ನಡುವೆ ಅರ್ಧ ಗಂಟೆ ಮನೆಗೆಲಸ, ಅರ್ಧ ಗಂಟೆ ತೋಟದಲ್ಲಿ ವಾಯುಸೇವನೆ. ಅಷ್ಟು ಒಳ್ಳೆಯ ಹುಡುಗಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಪ್ರೊಫೆಸರು ನಮ್ಮ ಮನೆಗೆ ಊಟಕ್ಕೆ ಬಂದದ್ದು ಆಟಿ ತಿಂಗಳ ಹದಿನೆಂಟನೇ ದಿನ. ಆ ದಿನ ಕಾಡಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಮ್ಮಲ್ಲಿ ನಂಬಿಕೆ. ಸೊಪ್ಪನ್ನು ಕುದಿಸಿದ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ಅದರ ಘಮ ರಸ್ತೆಯವರೆಗೂ ಬರುತ್ತದೆ. ಅವರು ಮೊದಲು ಅನುಮಾನದಿಂದ ಬೆರಳು ಅದ್ದಿದರು. ಆಮೇಲೆ ಮೂರು ಬಟ್ಟಲು ಖಾಲಿ ಮಾಡಿದರು. ಇನ್ನೇನು, ಸಹಿ ಸಿಕ್ಕಿತು ಎಂದುಕೊಂಡೆ.

ಕೈ ತೊಳೆದು ಬಂದು ದಿನಚರಿ ತಿರುವಿ ಹಾಕಿದರು.

"ಯಮುನ, ಈ ಐದು ವಾರದಲ್ಲಿ ನಿಮ್ಮ ಮನೆಯಲ್ಲಿ ಯಾರಿಗೂ ನೆಗಡಿ ಆಗಲಿಲ್ಲವಾ?"

"ಆಯ್ತು ಸಾರ್."

"ನೆಂಟರು ಬರಲಿಲ್ಲವಾ?"

"ಬಂದಿದ್ದರು ಸಾರ್."

"ಇದರಲ್ಲಿ ಬಂದಿಲ್ಲ." ಪುಸ್ತಕ ಮುಚ್ಚಿ, ಫಾರಂ ಜೊತೆ ಚೀಲಕ್ಕೆ ಹಾಕಿದರು. "ನಾಳೆ ಬೆಳಿಗ್ಗೆ ಮಡಿಕೇರಿಯಲ್ಲಿ ನಾನು ಇಳಿದುಕೊಂಡಿರುವ ಬಂಗಲೆಗೆ ಬಂದು ಫಾರಂ ತೆಗೆದುಕೊಂಡು ಹೋಗು. ಅದರಲ್ಲಿ ಸಹಿ ಇರುತ್ತದೆ ಎಂದು ನಾನು ಹೇಳುತ್ತಿಲ್ಲ."

ಬೆಳಿಗ್ಗೆ ಮೊದಲ ಬಸ್ಸಿಗೇ ಅಪ್ಪನೂ ನಾನೂ ಮಡಿಕೇರಿಗೆ ಹೋದೆವು. ಬಂಗಲೆಯ ಮೆಟ್ಟಿಲಲ್ಲಿ ಬಟ್ಲರ್ ದೇರಪ್ಪ ಕೊಡೆ ಬಿಚ್ಚಿಕೊಂಡು ಅವಸರದಲ್ಲಿ ಇಳಿಯುತ್ತಿದ್ದ.

"ಸಾಹೇಬ್ರಿಗೆ ಸೀರಿಯಸ್ಸು ಅಮ್ಮ. ಕಾಫಿನೂ ಬೇಡ ಅಂದ್ರು. ಡಾಕ್ಟ್ರಿಗೆ ಹೇಳಿ ಕಳ್ಸಿದ್ದೇನೆ, ಇನ್ನೂ ಬಂದಿಲ್ಲ. ಈಗ ಹೆಂಡ್ತಿಗೆ ತಂತಿ ಕೊಟ್ಟು ಬಾ ಅಂತ ಕಳ್ಸಿದ್ರು."

"ಎಂತ ಆಯ್ತು?" ಎಂದೆ.

"ಅದನ್ನ ಅವ್ರು ಹೇಳೂದಿಲ್ಲ," ಎಂದು ಮಳೆಗೆ ಇಳಿದೇಬಿಟ್ಟ.

ಅಪ್ಪ ಜಗಲಿಯಲ್ಲಿ ನಿಂತ. ನಾನು ಒಳಗೆ ಹೋದೆ. ಪ್ರೊಫೆಸರು ಮಫ್ಲರ್ ಸುತ್ತಿಕೊಂಡು, ಎದೆಯ ಮೇಲೆ ಎರಡೂ ಕೈ ಜೋಡಿಸಿ, ಛಾವಣಿ ನೋಡುತ್ತ ಮಲಗಿದ್ದರು.

"ಬಾ ಯಮುನ. ಹೆಣ್ಣುಮಕ್ಕಳ ಮುಂದೆ ಹೇಳುವ ವಿಷಯವಲ್ಲ. ನನ್ನ ಒಳಗೆ ಏನೋ ಒಡೆದಿದೆ. ಬೆಳಿಗ್ಗೆ ಎದ್ದು… ಹೋದಾಗ ನೋಡಿದೆ. ಮತ್ತೊಮ್ಮೆ ಹೋಗಿ ನೋಡಿದೆ. ಕೆಂಪು."

ನನಗೆ ಒಮ್ಮೆಲೇ ಅರ್ಥವಾಯಿತು. ಆ ಬೆಳಿಗ್ಗೆ ಕೊಡಗಿನಲ್ಲಿ ಪಾಯಸ ಉಂಡವರಿಗೆಲ್ಲ ಕೆಂಪೇ. ಮದ್ದುಸೊಪ್ಪಿನ ಬಣ್ಣ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಇಳಿದುಹೋಗುತ್ತದೆ. ಗಂಡುಮಕ್ಕಳು ಬೇಲಿಯ ಪಕ್ಕ ಸಾಲಾಗಿ ನಿಂತು ಯಾರದ್ದು ಹೆಚ್ಚು ಕೆಂಪು ಎಂದು ಪಂದ್ಯ ಕಟ್ಟುತ್ತಾರೆ. ಕೆಂಪಾಗದಿದ್ದರೆ ಮದ್ದು ಹತ್ತಿಲ್ಲವೆಂದು ದೊಡ್ಡವರು ಚಿಂತೆ ಮಾಡುತ್ತಾರೆ. ಇದನ್ನು ಹೊರಗಿನವರಿಗೆ ಮೊದಲೇ ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ, ಎಲೆಯ ಮುಂದೆ ಕೂತ ಅತಿಥಿಗೆ ಯಾವ ಬಾಯಲ್ಲಿ ಹೇಳುವುದು?

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು, "ಆ ಫಾರಂ ಮೇಜಿನ ಮೇಲಿದೆ, ಪೆನ್ನಿನ ಜೊತೆ ಕೊಡು," ಎಂದರು. "ನಿನ್ನೆ ನಿರಾಕರಿಸಬೇಕೆಂದೇ ತೀರ್ಮಾನಿಸಿದ್ದೆ. ಈಗ ಯಾರ ಮನಸ್ಸನ್ನೂ ನೋಯಿಸಿ ಹೋಗುವುದು ಬೇಡ ಅನ್ನಿಸುತ್ತಿದೆ."

ನಾನು ಬಾಯಿ ಮುಚ್ಚಿಕೊಂಡೆ. ಈಗಲೂ ನಾಚಿಕೆಯಾಗುತ್ತದೆ, ಆದರೆ ಮುಚ್ಚಿಕೊಂಡದ್ದು ನಿಜ. ಅರ್ಧ ನಿಮಿಷ ಸುಮ್ಮನಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಫಾರಂ ಕೊಟ್ಟೆ, ಪೆನ್ನು ಕೊಟ್ಟೆ. ಅವರು ಮಲಗಿದಲ್ಲೇ ಇನಿಷಿಯಲ್ಲು ಬರೆದರು, ಹೆಸರಿನ ಅರ್ಧ ಬರೆದರು. ಬರೆಯುತ್ತಲೇ, "ನಿಮ್ಮ ತಾಯಿಗೆ ಹೇಳು, ನನ್ನ ಕೊನೆಯ ಊಟ ಬಹಳ ಚೆನ್ನಾಗಿತ್ತು," ಎಂದರು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಮೂಗಿನಿಂದ ಶುರುವಾದ ನಗು ಸೆರಗಿಗೂ ನಿಲ್ಲದೆ, ಕುರ್ಚಿ ಹಿಡಿದುಕೊಂಡು ನೆಲಕ್ಕೆ ಕೂತೆ. ಅವರ ಪೆನ್ನು ನಿಂತಿತು. ಏನು ಎಂದು ಕೇಳಿದರು. ಹೇಳಲು ನೋಡಿದೆ, ಆ ಪದ ನಾಲಿಗೆಗೆ ಬರಲೊಲ್ಲದು. ಕೊನೆಗೆ ಅಪ್ಪನನ್ನು ಕರೆದೆ.

"ಸಾರ್‌ಗೆ ಕೆಂಪಾಗಿದೆಯಂತೆ ಅಪ್ಪ. ನೀನೇ ಹೇಳು."

ಅಪ್ಪ ಹೊಸ್ತಿಲಲ್ಲಿ ನಿಂತು ತುಂಬ ಸಂತೋಷದಿಂದ ಕೈ ಮುಗಿದ. "ಕೆಂಪಾಯ್ತಾ? ಒಳ್ಳೇದಾಯ್ತು ಸ್ವಾಮಿ, ಮದ್ದು ಹತ್ತಿದೆ. ನಂಗೆ ಈ ಸಲ ಅಷ್ಟು ಕೆಂಪಿಲ್ಲ. ನೀವು ಮೂರು ಬಟ್ಲು ತಿಂದಿರಲ್ಲ, ಅದಕ್ಕೆ."

ಪ್ರೊಫೆಸರು ಮೆಲ್ಲಗೆ ಎದ್ದು ಕೂತರು. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ, "ತಂತಿ," ಎಂದರು. ಅಪ್ಪ ಪಂಚೆ ಎತ್ತಿ ಕಟ್ಟಿ ದೇರಪ್ಪನ ಹಿಂದೆ ಮಳೆಯಲ್ಲಿ ಓಡಿದ.

"ನಾನು ಸಹಿ ಮುಗಿಸಿದ ಮೇಲೆ ನೀನು ನಗಬಹುದಿತ್ತು," ಎಂದರು ಪ್ರೊಫೆಸರು.

"ಹಾಗೇ ಅಂದುಕೊಂಡಿದ್ದೆ ಸಾರ್. ತಡೆಯಲಾಗಲಿಲ್ಲ."

ಅವರು ದಿನಚರಿಯನ್ನು ನನ್ನ ಮುಂದೆ ಇಟ್ಟು, ನಿನ್ನೆಯ ದಿನವನ್ನು ನಡೆದದ್ದು ನಡೆದ ಹಾಗೆ ಬರೆ ಎಂದರು. ಇಂಗ್ಲಿಷು ಕೈಕೊಟ್ಟಿತು, ಕನ್ನಡದಲ್ಲೇ ಬರೆದೆ. ಐದು ಗಂಟೆಗೆ ಒಲೆ, ಐದೂವರೆಗೆ ಹಾಲು, ಗದ್ದೆಗೆ ಕಾಫಿ, ರೊಟ್ಟಿ, ಸೊಪ್ಪು ಬಿಡಿಸಿದ್ದು, ಪಾತ್ರೆ, ಮತ್ತೆ ಹಾಲು. ಓದು: ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ತೂಕಡಿಕೆ.

"ಎಲ್ಲ ದಿನವೂ ಹೀಗೇನಾ?"

"ಮಳೆ ಜೋರಾದರೆ ಎರಡು ಗಂಟೆ ಸಿಗುತ್ತದೆ ಸಾರ್."

"ಆ ಎರಡು ಗಂಟೆಯಲ್ಲಿ ಏನು ಕಲಿತೆ, ಹೇಳು."

ಪ್ರಶ್ನೆಯ ಮೇಲೆ ಪ್ರಶ್ನೆ, ಮುಕ್ಕಾಲು ಗಂಟೆ. ಹನ್ನೆರಡು ಜನರ ಒಲೆಗೆ ಹದಿಮೂರನೆಯವಳು ಬಂದರೆ ಎಷ್ಟು ಹೆಚ್ಚು ಖರ್ಚು ಎಂಬುದರಿಂದ ಹಿಡಿದು ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಎರಡು ಕಡೆ ತಪ್ಪಿದೆ. ಅವರು ತಿದ್ದಿದರು. ಆಮೇಲೆ ಫಾರಂ ಎಳೆದುಕೊಂಡು ಉಳಿದರ್ಧ ಹೆಸರನ್ನು ಬರೆದರು. ಮೊದಲರ್ಧ ನಡುಗಿತ್ತು, ಎರಡನೆಯದು ನೆಟ್ಟಗಿತ್ತು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಬಿದ್ದೆ. ಏಳುವಾಗ ನೋಡಿದರೆ ಅವರ ಹೊಟ್ಟೆ ಕುಲುಕುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಆ ದಿನಚರಿ ತೆಗೆದು ಕನ್ನಡದ ಪುಟ ಓದಿದ. ಎರಡು ಸಲ ಓದಿದ.

"ನೀ ಮದರಾಸಿಗೆ ಹೋದ ಮೇಲೆ ಇಷ್ಟೆಲ್ಲ ಯಾರ್ ಮಾಡ್ದು?"

"ಅವ್ವ."

"ಕೈ ನೋವುಟ್ಟಲ್ಲ ಅವಳಿಗೆ?"

"ಉಟ್ಟು," ಎಂದು ಒಪ್ಪಿಕೊಂಡೆ.

ಅಪ್ಪ ದಿನಚರಿ ಮುಚ್ಚಿ ನನ್ನ ಕೈಗೆ ಕೊಟ್ಟ. ಸಂಜೆ ನಾನು ಹಾಲಿನ ಚೆಂಬು ಹುಡುಕಿದರೆ ಅದು ಜಾಗದಲ್ಲಿರಲಿಲ್ಲ. ಕೊಟ್ಟಿಗೆಯಿಂದ ದೊಡ್ಡ ಸದ್ದು ಕೇಳಿತು. ಅವ್ವನೂ ನಾನೂ ಓಡಿದೆವು. ಅಪ್ಪ ಸಗಣಿಯಲ್ಲಿ ಕೂತಿದ್ದ, ಚೆಂಬು ಗೋಡೆಯ ಹತ್ತಿರ ಉರುಳಿತ್ತು, ಹಸು ಅವನನ್ನು ಅಪರಿಚಿತನಂತೆ ನೋಡುತ್ತಿತ್ತು. ಅವ್ವ ಮುಂದೆ ಹೋಗಿ ಕೈ ಚಾಚಿದಳು. ಅಪ್ಪ ನೋಯುವ ಆ ಕೈಯನ್ನು ಹಿಡಿಯದೆ, ಕಂಬ ಹಿಡಿದು ತಾನೇ ಎದ್ದ. ಚೆಂಬು ಒರೆಸಿಕೊಂಡು ಮತ್ತೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನಗಾಡ್ಬೇಡಿ," ಎಂದ. "ಎಲ್ಲಿ ಹಿಡಿಯಕ್ಕೂಂತ ಹೇಳಿ."