ಹಲ್ಲಿ ನುಡಿದ ಮನಿ

ವನದುರ್ಗದ ಕಿರಾಣಿ ಶಾಂತಪ್ಪನ ಮನ್ಯಾಗ ಯಜಮಾನ ಶಾಂತಪ್ಪ ಅಲ್ಲ, ಹಲ್ಲಿ. ಸುಳ್ಳಂದ್ರ ಊರ ಕೋಟೆ ಗ್ವಾಡಿನ್ನ ಕೇಳ್ರಿ.

ಜ್ವಾಳ ಯಾವಾಗ ಬಿತ್ತಬೇಕು, ಎಮ್ಮಿ ಯಾರಿಗೆ ಮಾರಬೇಕು, ಎಲ್ಲಾ ಅದರ ಹುಕುಂ. ಶಾಂತಪ್ಪ ಒಂದು ಮಾತಾಡಿ ಗ್ವಾಡಿ ಕಡಿ ಕಿವಿ ಕೊಡ್ತಿದ್ದ. ಲೊಚ್ ಲೊಚ್ ಅಂತು ಅಂದ್ರ ಬೆರಳಿಲೆ ನೆಲ ಬಡದು "ಶಿವ ಶಿವ" ಅಂತಿದ್ದ. ಮುಂದ ಆ ಮಾತು ಬ್ರಹ್ಮ ಬಂದ್ರೂ ತಿರುಗ್ತಿರಲಿಲ್ಲ. ಒಮ್ಮಿ ಅರ್ಧಾ ಮೀಸಿ ಬೋಳಿಸ್ಕೊಂಡಾಗ ಮುಂದಕ್ಕ ಹಲ್ಲಿ ನುಡೀಲಿಲ್ಲಂತ, ಇನ್ನರ್ಧಾ ಹೊತ್ಕೊಂಡು ಶಹಾಪುರ ಸಂತಿ ಮಾಡಿ ಬಂದಾನ.

ಆದ್ರ ಆ ಮನ್ಯಾಗ ಅರ್ಧಾ ಸಲ ನುಡಿಯೋ ಹಲ್ಲಿ ತಾನೇ ಅನ್ನೋದು ಅವನ ಅವ್ವ ಗೊಲ್ಲಾಳಮ್ಮಗ ಒಬ್ಬಾಕಿಗೇ ಗೊತ್ತು. ಲಗ್ನ ಆಗಿ ಬಂದಾಗ ಆಕಿಗೆ ಇನ್ನಾ ಲಂಗ-ಪರಕಾರ ಉಡೋ ವಯಸ್ಸು. ಆಕಿ ಮಾತು ಯಾರೂ ಕೇಳ್ತಿರಲಿಲ್ಲ. ಒಂದಿನ ಗಂಡ "ಬಾವಿ ಹಿತ್ತಲದಾಗ ತೋಡಾಮೇನು?" ಅಂದಾಗ, ನೀರು ಹೊತ್ತು ನಡಾ ಮುರದಿದ್ದ ಆಕಿ ಬಾಗಲ ಹಿಂದ ನಿಂತು ನಾಲಿಗಿ ಅಂಗುಳಕ್ಕ ಹಚ್ಚಿ ಲೊಚಗುಟ್ಟಿದ್ಲು. ಗಂಡ ನೆಲ ಬಡದ. ಬಾವಿ ಆತು. ಮೊಮ್ಮಗಳು ಸೌಭಾಗ್ಯ ಕಾಲೇಜಿಗೆ ಹೋಗಾಕತ್ತಿದ್ದೂ ಅದೇ ಹಲ್ಲಿ ದಯಾದಿಂದ.

ಮೊನ್ನೆ ಊಟಕ್ಕ ಕುಂತ ಶಾಂತಪ್ಪ, "ಸೌಭಾಗ್ಯನ್ನ ಆಕಿ ಸೋದರಮಾವ ಸಂಗಮನಾಥಗೇ ಕೊಟ್ಟುಬಿಡಾಮು" ಅಂದ. ಲೊಚ್ ಲೊಚ್. ಖರೇ ಹಲ್ಲಿ! ಅದಕ್ಕೇನು ಗೊತ್ತು, ನೊಣ ಕಂಡಿತ್ತು. ಹುಡುಗಿಗೆ ಹದಿನಾರು. ವರ ಆಗಲೇ ತಲಿಗೆ ಬಣ್ಣ ಹಚ್ಚಾಕತ್ತಿದ್ದ.

ಗೊಲ್ಲಾಳಮ್ಮ ಕುಂತಲ್ಲಿ ಕುಂದ್ರಲಿಲ್ಲ, ನಿಂತಲ್ಲಿ ನಿಂದ್ರಲಿಲ್ಲ. ಹಾಲು ಉಕ್ಕಿ ಒಲಿ ಆರಿತು. ಉಪ್ಪು ಹಾಕಿದ ಸಾರಿಗೆ ಮತ್ತ ಉಪ್ಪು ಹಾಕಿದ್ಲು.

"ಯಪ್ಪಾ, ಹುಡುಗಿ ಸಣ್ಣಾಕಿ ಅದಾಳ. ಪೊಲೀಸರು ಬರ್ತಾರ."

"ನಾ ಏನ್ ಮಾಡ್ಲೆವ್ವ? ನನ್ನ ಕೈಯಾಗೇನದ? ಹಲ್ಲಿ ನುಡದದ."

"ಆಕಿನ್ನ ಒಂದ್ ಮಾತು ಕೇಳು."

"ನಿನ್ನ ಯಾರು ಕೇಳಿದ್ರು? ನೀ ಬಾಳೇ ಮಾಡ್ಲಿಲ್ಲೇನು?"

ಯಾರರ "ಬ್ಯಾಡ" ಅಂದಿದ್ರ ಸಾಕಿತ್ತು, ಮುದುಕಿ ಲೊಚಗುಟ್ಟಿಬಿಡ್ತಿದ್ಲು. ಆದ್ರ ಹಲ್ಲಿ ಯಾರರ ಆಡಿದ ಮಾತಿಗಷ್ಟೇ ಹೌದು ಅಂತದ; ತನ್ನ ಮಾತಿಗೆ ತಾನೇ ಲೊಚಗುಟ್ಟಿದ್ರ ಮುದುಕಿ ಸಿಕ್ಕಿಬೀಳ್ತಾಳ. ಬ್ಯಾಡ ಅನ್ನೋ ಗಂಡಸು ಆ ಮನ್ಯಾಗ ಹುಟ್ಟಿರಲಿಲ್ಲ.

ಲಗ್ನ ನಿಶ್ಚೇದ ದಿನ ಸಂಗಮನಾಥ ಸಕ್ಕರಿ ತಾಟು ಹಿಡಕೊಂಡು ಬಂದ.

"ಏನವಾ, ಇನ್ನ ಮಾಮಾ ಅನ್ನೋದು ಬಿಟ್ಟು 'ರೀ' ಅನ್ನಾಕ ಕಲೀಬೇಕು!"

ಗಂಡಸ್ರೆಲ್ಲಾ ನಕ್ಕರು. ಚಾ ಕೊಡಾಕ ಬಂದ ಸೌಭಾಗ್ಯ ಕಪ್ಪು ಕೆಳಗಿಟ್ಟಳು.

"ನಾ ಒಲ್ಲೆ ಮಾಮಾ. ನಾ ಓದ್ತೀನಿ."

ಶಾಂತಪ್ಪ ಗ್ವಾಡಿ ನೋಡಿದ. ಬಾಗಲ ಹಿಂದ ಗೊಲ್ಲಾಳಮ್ಮನ ನಾಲಿಗಿ ಅಂಗುಳಕ್ಕ ಹತ್ತಿತ್ತು. ಒಂದ್ ಸಲ ಲೊಚ್ ಅಂದ್ರ ಹುಡುಗಿ ಉಳೀತಾಳ. ನಾಳಿ ಮತ್ತೊಂದು ಹಲ್ಲಿಗೆ ಮತ್ತೊಂದು ನೊಣ ಕಂಡ್ರ?

ಮುದುಕಿ ಹೊಸ್ತಿಲ ದಾಟಿ ಗಂಡಸ್ರ ನಡುವ ಬಂದು ನಿಂತ್ಲು.

"ಹುಡುಗಿ ಹೇಳಿದ್ದೇ ಖರೆ. ಈ ಲಗ್ನ ಬ್ಯಾಡ."

"ಹಲ್ಲಿ ಎಲ್ಲಿ ನುಡೀತವ್ವ?"

"ಇಲ್ಲಿ ನೋಡು," ಅಂದು ಮಗನ ಮುಖಕ್ಕ ಮುಖಾ ಕೊಟ್ಟು ಲೊಚ್ ಲೊಚ್ ಲೊಚ್ ಅಂದ್ಲು. "ನಿಮ್ಮಪ್ಪನ ಬಾವಿ ತೋಡಿಸಿದ ಹಲ್ಲಿ ನಾನೇ. ಇಕಿನ್ನ ಕಾಲೇಜಿಗೆ ಕಳಿಸಿದ ಹಲ್ಲೀನೂ ನಾನೇ. ಬಾಯಿ ಇದ್ದೂ ಹಲ್ಲಿ ಆಗಿ ಬಾಳೇ ಮಾಡೀನಿ. ಇಕಿ ಬಾಯಿಲೇ ಮಾತಾಡ್ಲಿ."

ಶಾಂತಪ್ಪ ಕುಂತಲ್ಲೇ ಬಗ್ಗಿ ನೋಡ್ಕೊಂಡ: ರೂಢಿ ಬಿದ್ದ ಬೆರಳು ಆಗಲೇ ನೆಲ ಬಡದಿತ್ತು.