ಬಾಣಂತಿ ಕೋಣೆಯ ಗಾಳಿ

ರಾಗಿ ವಾಸನೆ — ಹಸಿ ಹಿಟ್ಟಿನದಲ್ಲ, ಬೆಂದದ್ದು, ಮುದ್ದೆಯದು, ಮೂಗಿನ ಬುಡದಲ್ಲೇ ಯಾರೋ ತಟ್ಟೆ ಹಿಡಿದ ಹಾಗೆ, ತಟ್ಟೆಯೂ ಇಲ್ಲ ಸಾರೂ ಇಲ್ಲ, ಇರುವುದು ಮುಖಕ್ಕೆ ಬಿಗಿದ ಈ ಮಾಸ್ಕು, ಮೂಗು ಬಾಯಿ ಎರಡನ್ನೂ ಮುಚ್ಚುವ ಪ್ಲಾಸ್ಟಿಕ್ ಬಟ್ಟಲು, ಅದರ ಮೂತಿಯ ಮೇಲಿನ ಸಣ್ಣ ಸಣ್ಣ ತೂತುಗಳಿಗೆ ನಮ್ಮತ್ತೆ ಅಕ್ಕಯ್ಯಮ್ಮ ಈಗ ತಾನೇ ಮುದ್ದೆ ಮೆತ್ತಿದ್ದಾರೆ, ಮಧ್ಯಾಹ್ನದ ಊಟದ ತಟ್ಟೆಯಿಂದ ಚೂರು ಮುರಿದು, ಉಗುರಿನಿಂದ ಒತ್ತಿ ಒತ್ತಿ, ಸೋರುವ ಬಕೆಟ್ಟಿಗೆ ಮೆತ್ತಿದ ಹಾಗೆ, ಪಕ್ಕದ ಸೀಳನ್ನೂ ಬಿಡಲಿಲ್ಲ, ನಾನು ಎದುರಿಗೇ ಕೂತು ನೋಡಿದೆ, ಐವತ್ತು ದಾಟಿದ ಹೆಂಗಸು, ಬಾಯಲ್ಲಿ ನಾಲಿಗೆ ಇತ್ತು, ಆದರೂ ಬೇಡ ಅನ್ನಲಿಲ್ಲ, ಯಾಕೆಂದರೆ ಅತ್ತೆ ಹೇಳಿದ್ದು ಇಷ್ಟೇ, ಇನ್ನ ಗಾಳಿ ಆಚೆಗೆ ಬರಲ್ಲ, ಈಗ ಕೂಸಿನ ಕಡೆ ತಿರುಗಿ ಮಲಕ್ಕೋ ಶ್ಯಾಮಲ. ಕೂಸಿನ ಕಡೆ ತಿರುಗಿ — ಆ ಒಂದು ಮಾತಿಗೆ ಬಿದ್ದುಹೋದೆ ನಾನು, ಮಗಳು ಶಿರೀಷಾ ಬಾಣಂತನಕ್ಕೆ ಬಂದಾಗಿನಿಂದ ಗೋಡೆ ನೋಡಿಕೊಂಡು ಮಲಗಿದವಳು, ಮೊಮ್ಮಗಳು ಬೆನ್ನ ಹಿಂದೆ, ಮಗಳು ಅದರಾಚೆ, ನನ್ನ ಮುಖಕ್ಕೆ ಸುಣ್ಣ ಉದುರಿದ ಗೋಡೆ, ಯಾಕೆಂದರೆ ನಾನು ಬಿಟ್ಟ ಉಸಿರು ಈ ತೂತುಗಳಿಂದ ಸುಯ್ಯೆಂದು ಹೊರಗೆ ಬರುತ್ತದೆ, ಬಾಣಂತಿಗೆ ಗಾಳಿ ತಾಕಬಾರದು. ಈಗ ನೋಡು, ಕೂಸಿನ ಮೂಗು, ಕೂಸಿನ ರೆಪ್ಪೆ, ಹಾಲು ಕುಡಿದ ತುಟಿ ನಿದ್ದೆಯಲ್ಲೂ ಚೀಪುತ್ತಿದೆ, ಒಂದು ಗೇಣು ದೂರದಲ್ಲಿ, ನೋಡುತ್ತಲೇ ಇರಬೇಕು ಅನ್ನಿಸುತ್ತಿದೆ, ನೋಡುತ್ತಲೇ ಇರಬೇಕು, ಕಣ್ಣು ಮುಚ್ಚಬಾರದು.

ಮುಚ್ಚಬಾರದು, ಮುಚ್ಚಿದರೆ ಕೆಟ್ಟೆ, ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ನೂಕುವ ಈ ಮಿಷನ್ನು ಕೊಟ್ಟ ದಿನವೇ ಬೆಂಗಳೂರಿನ ಡಾಕ್ಟರು ಮಾಸ್ಕನ್ನು ಕೈಯಲ್ಲಿ ಹಿಡಿದು ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದ್ದರು, ಈ ತೂತುಗಳನ್ನ ಯಾವತ್ತೂ ಮುಚ್ಚಬೇಡಿ ಅಮ್ಮ, ನೀವು ಬಿಟ್ಟ ಉಸಿರು ಆಚೆ ಹೋಗೋದು ಇಲ್ಲಿಂದಲೇ, ಮುಚ್ಚಿದರೆ ಅದನ್ನೇ ತಿರುಗಿ ಎಳೆದುಕೊಳ್ತೀರ, ವಿಷ ಅದು. ಹೂಂ ಅಂದಿದ್ದೆ. ಅತ್ತೆಗೂ ಹೇಳಿದ್ದೆ, ಹೇಳಿದರೆ ಅವರು ನಕ್ಕರು, ನಿನ್ನ ಉಸಿರು ನಿನಗೆ ವಿಷ, ನನ್ನ ಮೊಮ್ಮಗಳಿಗೆ ಮಾತ್ರ ಅಮೃತವೇನೇ — ಅತ್ತೆಯ ಬಾಯಿಗೆ ಉತ್ತರ ಕೊಟ್ಟು ಗೆದ್ದವರು ಈ ಕೆಂಚಾರ್ಲಹಳ್ಳಿಯಲ್ಲಿ ಯಾರೂ ಹುಟ್ಟಿಲ್ಲ. ಮಿಷನ್ನು ಬರುವ ಮೊದಲು ನಾನು ಹೇಗಿದ್ದೆ ಅನ್ನುವುದು ಮಾತ್ರ ಅವರಿಗೆ ಮರೆತೇಹೋಗಿದೆ, ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಏಳುತ್ತಿದ್ದೆ, ಹಗಲೆಲ್ಲ ತೂಕಡಿಕೆ, ಒಲೆ ಮುಂದೆ ತೂಕಡಿಸಿ ಹಾಲು ಉಕ್ಕಿ ಹೋಯಿತು, ಮೊರದಲ್ಲಿ ಅವರೆಕಾಳು ಹಿಡಿದುಕೊಂಡೇ ನಿದ್ದೆ ಹೋದೆ, ನನ್ನ ಗೊರಕೆಗೆ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು ಅಂತ ನಮ್ಮೆಜಮಾನರು ಆವಲಪ್ಪ ಚಿಂತಾಮಣಿ ಸಂತೆಯಲ್ಲೆಲ್ಲ ಹೇಳಿಕೊಂಡು ನಕ್ಕರು, ನಾನೂ ನಕ್ಕೆ, ಆಮೇಲೆ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ, ಹೆಂಗಸಾಗಿ ಗೊರಕೆ ಹೊಡೆಯುವುದು ಎಷ್ಟು ನಾಚಿಕೆ. ಈಗ ಅದೇ ಯಜಮಾನರು ಈ ಪೈಪನ್ನು ನೋಡಿ ಸೊಂಡಿಲು ಅನ್ನುತ್ತಾರೆ, ನಮ್ಮನೆ ಗಣಪತಿ ಮಲಗಿದಳಾ ಅಂತ ಕೇಳುತ್ತಾರೆ. ಸೊಂಡಿಲಾದರೆ ನನ್ನ ಮಾತು ಕೇಳಬೇಕಿತ್ತು, ಇದು ಕೇಳುವುದಿಲ್ಲ, ಬಲಕ್ಕೆ ತಿರುಗಿದರೆ ಕತ್ತಿಗೆ ಸುತ್ತುತ್ತದೆ, ಎಡಕ್ಕೆ ತಿರುಗಿದರೆ ತೋಳಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಒಮ್ಮೆ ನಿದ್ದೆಗಣ್ಣಲ್ಲಿ ಎದ್ದು ಬಚ್ಚಲಿಗೆ ಹೊರಟು ಸ್ಟೂಲಿನ ಮೇಲಿದ್ದ ಮಿಷನ್ನನ್ನೇ ಎಳೆದು ಬೀಳಿಸಿದೆ, ದಿಂಬಿನ ಕೆಳಗೆ ತೂರಿಸಿ ನೋಡಿದೆ, ಹಳೇ ಸೀರೆಯ ಅಂಚು ಹರಿದು ಮೊಳೆಗೆ ಕಟ್ಟಿ ನೋಡಿದೆ, ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಷ್ಟುದ್ದವೋ ಅಷ್ಟೇ ಮೇಯಬೇಕು.

ಈ ಕೋಣೆಯಲ್ಲಂತೂ ಇರುವುದು ಒಂದೇ ಪ್ಲಗ್ಗು, ಅದೂ ಮಗಳ ತಲೆಯ ಕಡೆ, ಹಾಗಾಗಿ ಪೈಪು ಅವಳ ದಿಂಬು ದಾಟಿ, ಕೂಸಿನ ಪಕ್ಕ ಹಾದು ನನ್ನ ಮುಖಕ್ಕೆ ಬರಬೇಕು. ನಡುಮನೆಯಲ್ಲಿ ಮಲಗು ಅಂದರು ಅತ್ತೆ, ಮೊದಲ ದಿನವೇ ಅಂದರು, ಆ ಮಿಷನ್ ಇದ್ರೆ ನೀನು ನಡುಮನೇಲಿರು, ಕೂಸಿನ ಹತ್ರ ನಾನು ಮಲಗ್ತೀನಿ. ಅವರಿಗೆ ಕಿವಿ ಅಷ್ಟಕ್ಕಷ್ಟೆ, ಕೂಸು ಅತ್ತರೆ ಕೇಳಿಸುವುದು ಅದು ಅತ್ತು ಸುಸ್ತಾದ ಮೇಲೆ, ಮಗಳು ಹೊಲಿಗೆಯ ನೋವಿನಲ್ಲಿ ಏಳಬೇಕು, ಹಾಲು ಕಟ್ಟಿ ಜ್ವರ ಬಂದು ಅವಳು ಕಣ್ಣು ಮುಚ್ಚಿ ಎಷ್ಟು ರಾತ್ರಿ ಆಯಿತು, ನಾನು ಬಿಟ್ಟುಕೊಡುತ್ತೇನೆಯೇ, ಅವಳನ್ನು ಹೆತ್ತಿದ್ದು ಇದೇ ಕೋಣೆಯಲ್ಲಿ. ಈ ಕೋಣೆಯ ಕಥೆ ನನಗೆ ಗೊತ್ತಿಲ್ಲವೆಂದಲ್ಲ, ಅತ್ತೆಯ ದೊಡ್ಡ ಮಗಳು ಕದಿರಮ್ಮ ಹೋಗಿದ್ದು ಇಲ್ಲೇ, ಬಾಣಂತಿ ಸನ್ನಿಯಾಗಿ, ಹಲ್ಲು ಕಚ್ಚಿಕೊಂಡು, ಮೇಲೊಂದು ಹೆಂಚು ಒಡೆದಿತ್ತಂತೆ, ಅಲ್ಲಿಂದ ಗಾಳಿ ನುಗ್ಗಿತು ಅಂತಲೇ ಅತ್ತೆ ಇವತ್ತಿಗೂ ನಂಬಿದ್ದಾರೆ, ಆ ಹೆಂಚನ್ನು ನಾನು ನಾಳೆ ಹಾಕಿಸೋಣ ಅಂದುಕೊಂಡೆ ಕಣೇ ಅಂತ ನನ್ನ ಮದುವೆಯಾದ ಹೊಸದರಲ್ಲೇ ಹೇಳಿ ಗೊಳೋ ಎಂದಿದ್ದರು. ಅದಕ್ಕೇ ಕಿಟಕಿಗೆ ಸೀರೆ ತುರುಕಿದ್ದಾರೆ, ಬಾಗಿಲ ಸಂದಿಗೆ ಗೋಣಿಚೀಲ, ಶಿರೀಷಾಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ ಮೂಲೆಯಲ್ಲಿ ಇನ್ನೂ ಸುತ್ತುತ್ತಿದೆ, ಆ ಹೊಗೆಯನ್ನೂ ಈ ಮಿಷನ್ನು ಎಳೆದು ನನಗೇ ಕುಡಿಸುತ್ತದೆ. ಪಕ್ಕದಲ್ಲೇ ಹುಳುವಿನ ಮನೆ, ಅಲ್ಲಿ ನಾಲ್ಕೂ ಕಡೆ ಕಿಟಕಿ ತೆಗೆದಿದೆ, ರೇಷ್ಮೆ ಹುಳುವಿಗೆ ಗಾಳಿ ಆಡಬೇಕು ಕಣಪ್ಪ, ಇಲ್ಲಾಂದ್ರೆ ರೋಗ ಬರುತ್ತೆ ಅಂತ ಬೆಳಿಗ್ಗೆ ಅತ್ತೆಯೇ ಮಗನಿಗೆ ಹೇಳುತ್ತಿದ್ದರು. ಹುಳುವಾಗಿ ಹುಟ್ಟಿದ್ದರೆ ಚೆನ್ನಾಗಿತ್ತು ಅಂತ ನಗು ಬಂದಿತ್ತು, ಈಗ ಬರುತ್ತಿಲ್ಲ.

ತಲೆ ಭಾರ, ಹುಬ್ಬಿನ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗೆ, ಉಸಿರು ಬಿಸಿಯಾಗಿದೆ, ಬಿಟ್ಟದ್ದೇ ತಿರುಗಿ ಬರುತ್ತಿದೆ, ರಾಗಿ ವಾಸನೆಯೂ ನನ್ನದೇ ಬಾಯಿಯ ವಾಸನೆಯೂ ಒಂದಾಗಿದೆ. ಉಪಾಯ ಮಾಡಿಯೇ ಒಪ್ಪಿಕೊಂಡಿದ್ದೆ ನಾನು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅತ್ತೆ ಹುಳುವಿಗೆ ಸೊಪ್ಪು ಹಾಕಲು ಎದ್ದುಹೋದ ಕೂಡಲೇ ಪಿನ್ನು ತೆಗೆದು ತೂತು ಬಿಡಿಸಿಕೊಳ್ಳುವುದು, ಅಲ್ಲಿಯವರೆಗೆ ಎಚ್ಚರವಾಗಿ ಕೂಸಿನ ಮುಖ ನೋಡುವುದು, ಅಷ್ಟೇ. ಅತ್ತೆ ಏಳುತ್ತಿಲ್ಲ. ಬಾಗಿಲಾಚೆ ಹೊಸಿಲಿಗೆ ಒರಗಿ ಕೂತಿದ್ದಾರೆ, ಎಲೆಅಡಿಕೆ ಕುಟ್ಟುವ ಸದ್ದು, ಕುಟ್ಟಿದ್ದೇ ಕುಟ್ಟುತ್ತಿದ್ದಾರೆ. ಹೋಗಲಿ, ಈಗಲೇ ಬಿಚ್ಚೋಣ ಅಂದರೆ ಕೂಸಿನ ಕೈ — ಯಾವಾಗ ಹಿಡಿಯಿತೋ, ಪೈಪನ್ನು ಹಿಡಿದುಬಿಟ್ಟಿದೆ, ಬೆರಳು ಪೂರ್ತಿ ಸುತ್ತು ಬರುವುದಿಲ್ಲ, ಆದರೂ ಬಿಗಿ ಹಿಡಿದಿದೆ, ನಾನು ತಲೆ ಅಲ್ಲಾಡಿಸಿದರೆ ಆ ಮುಷ್ಟಿ ಅಲ್ಲಾಡುತ್ತದೆ, ರೆಪ್ಪೆ ಅದುರುತ್ತದೆ. ಪಟ್ಟಿ ಬಿಚ್ಚಿದರೆ ಇನ್ನೂ ಕಷ್ಟ, ಈ ಅಂಟುಪಟ್ಟಿ ಬಿಚ್ಚುವಾಗ ಪರ್ರ್ ಅಂತ ಹೊಸ ಬಟ್ಟೆ ಹರಿದ ಸದ್ದು ಬರುತ್ತದೆ, ನಿನ್ನೆ ಅದೇ ಸದ್ದಿಗೆ ಕೂಸು ಬೆಚ್ಚಿಬಿದ್ದು ಅತ್ತು ಅತ್ತು ನೀಲಿಯಾಯಿತು, ಅದು ಎದ್ದರೆ ಶಿರೀಷಾ ಏಳುತ್ತಾಳೆ, ಈಗ ತಾನೇ ಕಣ್ಣು ಹತ್ತಿದೆ ಅವಳಿಗೆ. ಗಲಾಟೆಗೆ ಅತ್ತೆಯೂ ಬರುತ್ತಾರೆ, ಮಾಸ್ಕು ತೆಗೆದಿದ್ದೀಯಲ್ಲ, ಹಂಗಾದ್ರೆ ಇದಿಲ್ದೆ ಆಗುತ್ತೆ ಅಂತಾಯ್ತು, ಎತ್ತು ಆಚೆಗೆ ಅನ್ನುತ್ತಾರೆ. ಮಾಸ್ಕಿಲ್ಲದೆ ಇಲ್ಲೇ ಮಲಗಿದರೆ — ಮಿಷನ್ನು ಬರುವ ಮೊದಲಿನ ಆ ನಿದ್ದೆ ಗೊತ್ತು ನನಗೆ, ಹೆಣದ ನಿದ್ದೆ, ಕೂಸಿನ ಮೇಲೆ ಹೊರಳಿದರೂ ಎಚ್ಚರವಾಗದ ನಿದ್ದೆ. ಇರಲಿ, ಇನ್ನು ಸ್ವಲ್ಪ ಹೊತ್ತು, ಮುಷ್ಟಿ ತಾನಾಗಿ ಸಡಿಲವಾಗುತ್ತದೆ, ಅತ್ತೆ ಏಳುತ್ತಾರೆ, ಕೂಸಿನ ಮೂಗು ನೋಡು, ಶಿರೀಷಾಳದೇ, ಇಲ್ಲ ನಗರಗೆರೆಯ ಬೀಗರದು, ಮೊಂಡು ಮೂಗು, ನೋಡು, ಎರಡು ಮೂಗು ಕಾಣುತ್ತಿದೆಯಲ್ಲ, ಎರಡು ಕೂಸು, ಕಣ್ಣು ಎಳೆಯುತ್ತಿದೆ, ಎಳೆಯಲಿ, ಸಿಹಿಯಾಗಿದೆ ಈ ನಿದ್ದೆ, ಬೆಲ್ಲದ ಪಾಕದ ಹಾಗೆ ಕಾಲಿನಿಂದ ಮೇಲಕ್ಕೆ —

ಸದ್ದು ನಿಂತಿತು. ಮಿಷನ್ನಿನ ಗುಂಯ್ ಅನ್ನುವ ಸದ್ದು, ಕರೆಂಟು ಹೋಯಿತು, ಮಧ್ಯಾಹ್ನದ ಹೊತ್ತು ಹೋಗಿಯೇ ಹೋಗುತ್ತದೆ, ಗೊತ್ತಿದ್ದೂ ಮರೆತೆನಲ್ಲ, ನೂಕುವ ಗಾಳಿಯೂ ಇಲ್ಲ ಆಚೆ ಹೋಗುವ ದಾರಿಯೂ ಇಲ್ಲ, ಎಳೆದರೆ ಬಟ್ಟಲು ಮುಖಕ್ಕೆ ಕಚ್ಚಿಕೊಳ್ಳುತ್ತದೆ, ಎಳೆದೆ, ಮತ್ತೆ ಎಳೆದೆ, ಬಿಚ್ಚು, ಬಿಚ್ಚೇ ಶ್ಯಾಮಲ, ಸದ್ದಾದರೆ ಆಗಲಿ, ಕೈ ಎಲ್ಲಿ ನನ್ನ ಕೈ, ಒಂದು ಕೈ ಕೂಸಿನ ತಲೆಯ ಕೆಳಗೆ ಜೋಮು ಹಿಡಿದಿದೆ, ಇನ್ನೊಂದು ಎತ್ತಿದರೆ ಏಳುತ್ತಿಲ್ಲ, ನೀರಿನಲ್ಲಿ ಎತ್ತಿದ ಹಾಗೆ, ಪಟ್ಟಿ ಸಿಗುತ್ತಿಲ್ಲ, ಕೂದಲು ಸಿಕ್ಕಿತು, ಕೂಗಿದರೆ ಕೂಗು ಬಟ್ಟಲೊಳಗೇ ಉಳಿಯಿತು, ಭಯ, ಇಷ್ಟು ಭಯ ಯಾವತ್ತೂ ಆಗಿರಲಿಲ್ಲ, ಕದಿರಮ್ಮ ಅತ್ತಿಗೆಗೂ ಹೀಗೇ ಆಗಿತ್ತೇನೋ, ಈ ಕೋಣೆಗೆ ಇನ್ನೊಂದು ಹೆಣ, ಕೂಸಿನ ಮುಂದೆ, ಕೂಸಿನ ಕಣ್ಣ ಮುಂದೆ, ಮುಷ್ಟಿ ಬಿಡು ತಾಯಿ, ಬಿಡು ಬಂಗಾರು ತಲ್ಲಿ — ಟಕ್ ಅಂತು. ಪೈಪು ಮಾಸ್ಕಿನಿಂದ ಕಳಚಿಕೊಂಡಿತು, ಕೂಸಿನ ಮುಷ್ಟಿಯಲ್ಲೇ ಉಳಿಯಿತು, ಪೈಪಿದ್ದ ಜಾಗದಿಂದ ಗಾಳಿ ಬಂತು, ಸಾಂಬ್ರಾಣಿಯ ಗಾಳಿ, ಹಾಲಿನ ಗಾಳಿ, ಎಣ್ಣೆಯ ಗಾಳಿ, ಕುಡಿದೆ, ಕೆಮ್ಮಿದೆ, ಕುಡಿದೆ. ಶಿರೀಷಾ ಮೊಣಕೈ ಊರಿ ಎದ್ದು ಕೂತಿದ್ದಾಳೆ, ಪೈಪು ಕಿತ್ತವಳು ಅವಳೇ, ಅಮ್ಮಾ, ಮಿಷನ್ ಸದ್ದು ನಿಂತ್ರೆ ನಂಗೆಲ್ಲಿ ನಿದ್ದೆ ಬರುತ್ತೆ, ಕಿವಿಗೆ ಹತ್ತಿ ಅಲ್ಲ ಮಣ್ಣು ತುಂಬಿದ್ರೂ ಗೊತ್ತಾಗುತ್ತೆ ನಂಗೆ, ಅಂದಳು, ಪಟ್ಟಿ ಪರ್ರ್ ಅಂತ ಎಳೆದಳು, ಕೂಸು ಎಚ್ಚರವಾಗಲೇ ಇಲ್ಲ, ಇಷ್ಟು ಹೊತ್ತು ಯಾವ ಸದ್ದಿಗೆ ಹೆದರಿ ಸಾಯುತ್ತಿದ್ದೆನೋ ಅದಕ್ಕೆ ಕೂಸು ಮಿಸುಕಲೂ ಇಲ್ಲ. ಮಾಸ್ಕನ್ನು ಕತ್ತಲಲ್ಲಿ ತಡವಿದಳು, ಮೂಸಿದಳು, ಇದೇನಮ್ಮ ಇದು ಮುದ್ದೆ, ಅಂದಳು, ಎದ್ದಳು, ಹೊಲಿಗೆ ಹಿಡಿದುಕೊಂಡು ಗೋಡೆ ಊರಿ ಹೋದಳು, ಕಿಟಕಿಗೆ ತುರುಕಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಎಳೆದು ಹಾಕಿದಳು.

ಬೆಳಕು ಕಣ್ಣು ಚುಚ್ಚಿತು, ಅದರ ಹಿಂದೆಯೇ ಗಾಳಿ, ಹಿಪ್ಪುನೇರಳೆ ತೋಟದ ಮೇಲಿಂದ ಬಂದ ಗಾಳಿ, ಕೋಣೆಯ ಹೊಗೆಯೆಲ್ಲ ಒಂದೇ ಸಲ ಅಲುಗಿತು. ಬಾಗಿಲು ದಡಾರ್ ಅಂತು, ಗೋಣಿಚೀಲ ಸರಿಸಿಕೊಂಡು ಅತ್ತೆ, ಅಯ್ಯಯ್ಯೋ ಗಾಳಿ ಕಣೇ, ಗಾಳಿ, ಹುಚ್ಚು ಹಿಡೀತಾ ನಿಂಗೆ, ಮುಚ್ಚೇ, ತಲೆ ಮುಚ್ಕೊಳೇ. ಶಿರೀಷಾ ಬೆಳಕಿಗೆ ಕೂತಿದ್ದಾಳೆ, ಸೀರೆಯ ಪಿನ್ನು ಬಿಚ್ಚಿ ಒಂದೊಂದೇ ತೂತಿನಿಂದ ಮುದ್ದೆ ಕೀಳುತ್ತಿದ್ದಾಳೆ, ಒಣಗಿ ಕಲ್ಲಾಗುತ್ತಿದೆ ಅದು, ಪುಡಿಪುಡಿಯಾಗಿ ಅವಳ ಮಡಿಲಿಗೆ ಬೀಳುತ್ತಿದೆ, ತಲೆ ಎತ್ತದೆ ಹೇಳುತ್ತಾಳೆ, ಅಜ್ಜಿ, ನನ್ನ ಉಳಿಸಕ್ಕೆ ಹೋಗಿ ನಮ್ಮಮ್ಮನ್ನ ಸಾಯಿಸಿಬಿಡ್ತಿದ್ದೆಯಲ್ಲ. ಅತ್ತೆಯ ಬಾಯಿ ತೆರೆದಿದೆ, ಮಾತಿಲ್ಲ, ಕೆಂಚಾರ್ಲಹಳ್ಳಿಯಲ್ಲಿ ಮೊದಲ ಸಲ ಮಾತಿಲ್ಲ, ಆ ಮುಖ ನೋಡಲಾಗುತ್ತಿಲ್ಲ ನನಗೆ, ಸಿಟ್ಟು ಬರಬೇಕಾಗಿತ್ತು, ಬಂದದ್ದು ಅಳು, ಒಪ್ಪಿಕೊಂಡವಳು ನಾನು, ತಪ್ಪು ಅವರೊಬ್ಬರದೇ ಅಲ್ಲ. ತಗೋಮ್ಮ, ಇಟ್ಕೊ, ಅಂತ ಮಗಳು ಮಾಸ್ಕನ್ನು ನನ್ನ ಮುಖಕ್ಕೆ ಒತ್ತಿ ಹಿಡಿಯುತ್ತಾಳೆ, ಮಾಸ್ಕಿಗೆ ಪೈಪು ಸೇರುವ ಬಾಯಿಗೆ ಅಂಗೈ ಮುಚ್ಚುತ್ತಾಳೆ, ಸ್ಕಾರ್ಫು ಬಿಚ್ಚಿ ಆಚೆಗೆಸೆಯುತ್ತಾಳೆ, ತನ್ನ ಕೆನ್ನೆಯನ್ನು ತಂದು ಆ ತೂತುಗಳ ಎದುರಿಗೆ ಹಿಡಿಯುತ್ತಾಳೆ, ಬಿಡಮ್ಮ ಉಸಿರು, ಎಲ್ಲಾ ತೂತೂ ಬಿಟ್ಟಿದಾವಾ ನೋಡ್ತೀನಿ, ಬಿಡು. ನಾನು ಬಿಡುವುದಿಲ್ಲ, ಬಿಡಲಾಗುವುದಿಲ್ಲ, ಬಾಣಂತಿಯ ಕೆನ್ನೆ, ಅರಿಸಿನ ಇನ್ನೂ ಇದೆ ಅದರ ಮೇಲೆ, ಅತ್ತೆ ನೋಡುತ್ತಿದ್ದಾರೆ, ಉಸಿರು ಎದೆ ತುಂಬಿ ನಿಂತಿದೆ, ಬಿಡಮ್ಮ, ಅವಳ ಕೆನ್ನೆ, ಕಿವಿಯ ಮುಂದೆ ಒಂದು ಕೂದಲ ಎಳೆ, ಬಿಡು, ಅವಳ ಕೆನ್ನೆ, ಆ ಎಳೆ — ಅಲುಗಿತು.